ಕಳ್ಳೊತ್ತು

ಮನೆಮಂದಿಯೆಲ್ಲ ಅವನನ್ನು ಕರೆಯುತ್ತಿದ್ದದ್ದು ‘ಪ್ರಯೋಗ’ ಎಂದು. ಬಸ್ ಕಂಪನಿಯೊಂದರಲ್ಲಿ ವೇಳಾಪಟ್ಟಿ ಹಾಕುವ ಕೆಲಸ. ಬಸ್ಸುಗಳು ಆ ಪಟ್ಟಿಗೆ ಎಂದೂ ಕಿವಿಗೊಟ್ಟಿರಲಿಲ್ಲವಾದ್ದರಿಂದ ಅವನ ಮನಸ್ಸೆಲ್ಲ ಬೇರೆ ಕಡೆ ಇರುತ್ತಿತ್ತು. ಮನೆಗೆ ಬಂದವನೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬ್ರೌಸರಿಗೆ ಸಿಕ್ಕಿಸುವ ಆಡ್‌ಆನ್‌ಗಳನ್ನು ಮಾಡುತ್ತ ಕೂರುತ್ತಿದ್ದ. ಜನ ಸುಮ್ಮನೆ ಪುಟ ಸರಿಸುತ್ತ ಹೋಗಬಾರದು, ನೋಡುತ್ತ ನೋಡುತ್ತಲೇ ಏನಾದರೂ ಕಲಿಯಬೇಕು, ಏನಾದರೂ ಹೊಸದು ಹೊಳೆಯಬೇಕು ಎಂಬುದು ಅವನ ಹುಚ್ಚು. ಮೊದಲನೆಯ ಆಡ್‌ಆನ್ ಎಲ್ಲ ಚಿತ್ರಗಳನ್ನೂ ತಲೆಕೆಳಗು ಮಾಡಿ ತೋರಿಸುತ್ತಿತ್ತು. ಹಾಗೆ ನೋಡಿಕೊಂಡು ಬರೆದರೆ ಚಿತ್ರಕಲೆಗೆ ಕೈ ಪಳಗುತ್ತದಂತೆ. ಕೈ ಪಳಗುವ ಮೊದಲೇ ಅವನ ಹೆಂಡತಿಗೆ ಕತ್ತು ಉಳುಕಿತು. ಎರಡನೆಯದು ಯಾವ ಪುಟಕ್ಕೆ ಹೋದರೂ ‘ಯಾಕೆ ಬಂದೆ?’ ಎಂದು ಕೇಳಿ, ಉತ್ತರ ಬರೆದ ಮೇಲಷ್ಟೇ ಒಳಗೆ ಬಿಡುತ್ತಿತ್ತು.

“ಅತ್ತೆ ಇಲ್ಲದ ಮನೆ ಅಂತ ಒಪ್ಪಿ ಬಂದವಳು ನಾನು,” ಅಂದಳು ಹೆಂಡತಿ. “ನೀವು ಹುಡುಕಿ ಹುಡುಕಿ ಕಂಪ್ಯೂಟರ್ ಒಳಗೊಬ್ಬ ಅತ್ತೇನ ಕೂರಿಸಿದ್ದೀರಿ.”

ಮಾಡಿದ್ದನ್ನೆಲ್ಲ ಅವನು ಓಪನ್ ಸೋರ್ಸ್ ಎಂದು ಲೋಕಕ್ಕೆಲ್ಲ ಬಿಚ್ಚಿಡುತ್ತಿದ್ದ. ಕೆಳಗಡೆ ಬೀದಿಗೆ ತೆರೆದ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಅಕ್ಕನಿಗೆ ಇದೊಂದು ಬಿಡಿಸಲಾಗದ ಒಗಟಾಗಿತ್ತು.

“ಅಂಗಿ ಕೊಡೋದಲ್ಲದೆ ಅದರ ಕಟಿಂಗ್ ಪೇಪರನ್ನೂ ಪುಕ್ಕಟೆ ಹಂಚ್ತೀಯಾ?”

“ಹೌದಕ್ಕ. ಬೇಕಾದವರು ತೋಳು ಉದ್ದ ಮಾಡ್ಕೋಬಹುದು, ಕಾಲರ್ ಬದಲಾಯಿಸಬಹುದು.”

“ಯಾರಾದ್ರೂ ಬದಲಾಯಿಸಿದ್ದಾರಾ?”

“ಒಬ್ಬರಿದ್ದಾರೆ.”

ಆ ಒಬ್ಬರು ಯಾವ ದೇಶದವರೋ, ಗಂಡೋ ಹೆಣ್ಣೋ, ದೇವರೇ ಬಲ್ಲ. ‘ಗೂಬೆ’ ಎಂದು ಹೆಸರಿಟ್ಟುಕೊಂಡು ಬಂದು, ಇವನು ಬರೆದದ್ದರಲ್ಲಿ ಹುಳುಕು ತೋರಿಸಿ, ಒಂದು ಒಳ್ಳೆಯ ಮಾತೂ ಆಡದೆ ಮಾಯವಾಗುತ್ತಿದ್ದರು. ಆದರೂ ಗೂಬೆ ಬಂದ ದಿನ ಅವನು ಹಬ್ಬ ಬಂದ ಹಾಗೆ ಓಡಾಡುತ್ತಿದ್ದ.

ಮೂರನೆಯ ಆಡ್‌ಆನ್‌ಗೆ ಅವನು ‘ಕಳ್ಳೊತ್ತು’ ಎಂದು ಹೆಸರಿಟ್ಟ. ಅದು ಪ್ರತಿ ಪುಟದಲ್ಲೂ ಒಂದು ಪದವನ್ನು ಹಿಡಿದು, ಆ ಪದ ಬಂದಲ್ಲೆಲ್ಲ ಅದರ ಒತ್ತಕ್ಷರವನ್ನು ಕದಿಯುತ್ತಿತ್ತು. ಇಲ್ಲವೇ ಒತ್ತು ಬೇಡದ ಕಡೆ ಒಂದು ಒತ್ತು ತಂದು ಅಂಟಿಸುತ್ತಿತ್ತು. ಓದುವವರು ಕಳ್ಳನನ್ನು ಹುಡುಕಿ ಒತ್ತಿದರೆ ಗಂಟೆ ಮೊಳಗಿ ಪದ ಸರಿಹೋಗುತ್ತಿತ್ತು. ‘ಮುಂದುವರಿಯಲು ಇಲ್ಲಿ ಒತ್ತಿ’ ಎಂಬುದು ‘ಇಲಿ ಒತ್ತಿ’ ಆಗುತ್ತಿತ್ತು. ‘ಹಿರಿಯರಿಗೆ ಹೆಚ್ಚು ಬಡ್ಡಿ’ ಎಂದು ಬ್ಯಾಂಕು ಹೇಳಿದರೆ, ಇದು ‘ಹಿರಿಯರಿಗೆ ಹೆಚ್ಚು ಬಡಿ’ ಎಂದು ಅಪ್ಪಣೆ ಕೊಡುತ್ತಿತ್ತು. ಈ ಸಲ ಹೆಂಡತಿಯೂ ನಕ್ಕಳು.

ಇದನ್ನು ಲೋಕಕ್ಕಾಗಿ ಮಾಡಿದ್ದೇನೆ ಎಂದು ಅವನು ಹೇಳಿಕೊಂಡ. ಅದು ಹಸಿ ಸುಳ್ಳು. ಮಾಡಿದ್ದು ಅಕ್ಕನಿಗಾಗಿ. ಅಮ್ಮ ತೀರಿಕೊಂಡಾಗ ಅಕ್ಕನಿಗೆ ಶಾಲೆಯಲ್ಲಿ ಒತ್ತಕ್ಷರದ ಪಾಠ ಶುರುವಾಗುವುದರಲ್ಲಿತ್ತು. ಅದು ಶುರುವಾದ ದಿನ ಅವಳು ಮನೆಯಲ್ಲಿ, ಅಳುವ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗಂಜಿ ಕಲಸುತ್ತಿದ್ದಳು. ಅಂದಿನಿಂದ ಅವಳು ಬರೆಯುವ ಅಳತೆ ಚೀಟಿಗಳಲ್ಲಿ ಬಟ್ಟೆ ‘ಬಟೆ’ಯಾಗಿಯೂ ಚಿಕ್ಕದು ‘ಚಿಕದು’ ಆಗಿಯೂ ಉಳಿದುಬಿಟ್ಟಿತು. ಗಿರಾಕಿಗಳು ಚೀಟಿ ನೋಡಿ ಮುಸಿಮುಸಿ ನಗುವುದು ಅವಳಿಗೆ ಕಾಣುತ್ತಿತ್ತು. ಆದರೆ ಅಕ್ಕನಿಗೆ ‘ನಿನಗೆ ಪಾಠ ಹೇಳಿಕೊಡ್ತೀನಿ’ ಅನ್ನುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಅದಕ್ಕೇ “ಸುಮ್ನೆ ಪರೀಕ್ಷೆ ಮಾಡಿಕೊಡು” ಎಂದು ಗೋಗರೆದು ಅಂಗಡಿಯ ಹಳೆಯ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ ಬಂದ.

ಸ್ವಲ್ಪ ದಿನದಲ್ಲೇ ಹೊಲಿಗೆ ಯಂತ್ರದ ಸದ್ದು ನಿಂತಾಗಲೆಲ್ಲ ಕೆಳಗಿನಿಂದ ಗಂಟೆಯ ಸದ್ದು ಬರತೊಡಗಿತು. ಆಮೇಲೆ ಗಂಟೆಯೇ ಹೆಚ್ಚಾಗಿ, ಯಾರದೋ ಕೋಟು ಎರಡು ವಾರ ತಡವಾಯಿತು. ಅದೂ ಆದಮೇಲೆ ಅಕ್ಕ ಒಂದು ಬೆಳಗ್ಗೆ ಮೆಟ್ಟಿಲು ಹತ್ತಿ ಬಂದು, ತಾನೊಂದು ಕತೆ ಬರೆದು ಮಕ್ಕಳ ಮಾಸಪತ್ರಿಕೆಗೆ ಕಂಪ್ಯೂಟರಿನಲ್ಲೇ ಕಳಿಸಿದ್ದಾಗಿ ಹೇಳಿದಳು. ಯಾರೂ ತೆಗೆದುಕೊಂಡು ಹೋಗದ ಕೋಟಿನ ಜೇಬಿನ ಕತೆಯಂತೆ. ‘ಥ’ ಅಂದರೆ ಅವಳಿಗೆ ಭಯ, ಹಾಗಾಗಿ ‘ಕತೆ’ ಎಂದೇ ಬರೆದಿದ್ದಳು. ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಉತ್ತರ ಬಂದದ್ದು ಒಂದು ಭಾನುವಾರ. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದಂತೆಯೇ ಅಕ್ಕ ಬಂದು ಫೋನನ್ನು ಮೇಜಿನ ಮೇಲಿಟ್ಟಳು. ಹೆಂಡತಿ ಎತ್ತಿಕೊಂಡು ಜೋರಾಗಿ ಓದಿದಳು. ಮೇಲುಗಡೆ ಅಕ್ಕ ಕಳಿಸಿದ್ದ ಒಕ್ಕಣೆಯ ಪ್ರತಿ ಇತ್ತು.

“‘ಮಾನ್ಯರೇ, ನನ್ನ ಕತ್ತೆಯನ್ನು ಕಳಿಸುತ್ತಿದ್ದೇನೆ. ಇದು ನನ್ನ ಮೊದಲನೆಯ ಕತ್ತೆ. ಬಹಳ ವರ್ಷಗಳಿಂದ ಯಾರ ಕಣ್ಣಿಗೂ ಬೀಳದಂತೆ ಮನೆಯಲ್ಲೇ ಇಟ್ಟುಕೊಂಡಿದ್ದೆ. ನಿಮ್ಮಲ್ಲಿ ಸ್ವಲ್ಪ ಜಾಗ ಕೊಡಿ. ನನ್ನ ಕತ್ತೆ ಉದ್ದವಾಯಿತು ಅನ್ನಿಸಿದರೆ ಎಲ್ಲಿ ಬೇಕಾದರೂ ಕತ್ತರಿಸಿಕೊಳ್ಳಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.’”

ಹೆಂಡತಿ ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕೆಳಗೆ ಸಂಪಾದಕರ ಉತ್ತರವಿತ್ತು. ‘ನಿಮ್ಮ ಪ್ರೀತಿಗೆ ಋಣಿಗಳು. ಆದರೆ ನಮ್ಮ ಕಚೇರಿ ಮೂರನೆಯ ಮಹಡಿಯಲ್ಲಿದೆ, ಲಿಫ್ಟು ಚಿಕ್ಕದು. ಕತ್ತರಿಸುವ ಕೆಲಸವಂತೂ ನಮ್ಮಲ್ಲಿ ಯಾರ ಕೈಲೂ ಆಗದು. ಜೊತೆಗೆ ಬಂದ ಜೇಬಿನ ಬರಹ ನಮಗೆಲ್ಲ ತುಂಬ ಹಿಡಿಸಿದೆ. ಅದರಲ್ಲಿ ಕತ್ತೆ ಎಲ್ಲಿಯೂ ಕಾಣಲಿಲ್ಲ. ದಯವಿಟ್ಟು ವಿವರ ತಿಳಿಸಿದರೆ ಪ್ರಕಟಿಸುತ್ತೇವೆ.’

“ಅಕ್ಕ, ತಗೊಂಡಿದ್ದಾರೆ,” ಅಂದ ತಮ್ಮ.

ಅಕ್ಕನಿಗೆ ಅದು ಕೇಳಿಸಲೇ ಇಲ್ಲ. “ಒಂದೊಂದು ಒತ್ತನ್ನೂ ಬೆರಳಿಟ್ಟು ನೋಡಿದ್ದೆ ಕಣೋ,” ಅಂದಳು ಮೆಲ್ಲಗೆ. “ಕಳಿಸೋಕೆ ಮುಂಚೆ ಇನ್ನೊಂದ್ಸಲ ನೋಡಿದ್ದೆ. ಹಾಳಾಗಿ ಹೋಗ್ಲಿ. ನನ್ನ ಕೈಗೆ ಹತ್ತೋ ವಿದ್ಯೆ ಅಲ್ಲ ಇದು.” ಫೋನು ಕಿತ್ತುಕೊಂಡು ಇಳಿದು ಹೋದಳು.

ಒತ್ತು ಅಂಟಿಸಿದ್ದು ಯಾರೆಂದು ಅವನಿಗೆ ತಿಳಿದುಹೋಗಿತ್ತು. ‘ಜನ ಬರೆಯುವ ಚೌಕಕ್ಕೂ ಇದು ಕೈ ಹಾಕುತ್ತಿದೆ, ಕಳಿಸುವ ಗುಂಡಿ ಒತ್ತಿದಾಗ ಒಳಗಿನ ಪದ ಬದಲಾಗುತ್ತದೆ, ಮೊದಲು ಸರಿಮಾಡು’ ಎಂದು ಗೂಬೆ ಯಾವತ್ತೋ ಎಚ್ಚರಿಸಿತ್ತು. ಭಾನುವಾರ ನೋಡೋಣ ಎಂದು ಇವನು ಉತ್ತರಿಸಿದ್ದ. ಆ ಭಾನುವಾರವೆಲ್ಲ ಗಂಟೆಯ ಸದ್ದು ಹಿತ್ತಾಳೆಯದಿರಬೇಕೋ ಬೆಳ್ಳಿಯದಿರಬೇಕೋ ಎಂದು ಯೋಚಿಸುವುದರಲ್ಲೇ ಕಳೆದಿತ್ತು.

“ಹೋಗಿ ಹೇಳಿ,” ಅಂದಳು ಹೆಂಡತಿ. ಅವಳೀಗ ನಗುತ್ತಿರಲಿಲ್ಲ.

“ಹೇಳಿದ್ರೆ ಎಲ್ಲಾನೂ ಹೇಳಬೇಕಾಗುತ್ತೆ. ಅವಳ ಒತ್ತಿಗೋಸ್ಕರ ಮಾಡಿದ್ದು ಅಂತಾನೂ. ಅವಳು ಸಹಿಸಲ್ಲ.”

“ಬೈಸಿಕೊಳ್ಳಿ. ಅತ್ತಿಗೆ ತಾನು ದಡ್ಡಿ ಅಂದ್ಕೊಂಡು ಕೂತಿರೋದಕ್ಕಿಂತ ಅದೇ ವಾಸಿ.”

ಅಂಗಡಿಯಲ್ಲಿ ಅಕ್ಕ ಕಂದು ಬಣ್ಣದ ಕಟಿಂಗ್ ಪೇಪರನ್ನು ಹಲಗೆಯ ಮೇಲೆ ಹಾಸಿ ಕತ್ತರಿ ಹಿಡಿದಿದ್ದಳು. ಕಾಗದದ ತುಂಬ ಅವಳ ದುಂಡು ಅಕ್ಷರ. ಅದು ಅವಳ ಎರಡನೆಯ ಕತೆ. ಅದರ ಮೇಲೆಯೇ ಕಾಲರಿನ ಗೆರೆ ಎಳೆದಾಗಿತ್ತು.

“ಅಕ್ಕ, ಕತ್ತರಿಸಬೇಡ. ತಪ್ಪು ನಿಂದಲ್ಲ, ನಂದು.” ಅವನು ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದ. ಗೂಬೆಯ ಮಾತು, ತನ್ನ ಸೋಮಾರಿತನ, ಕೊನೆಗೆ ‘ಬಟೆ’ಯ ವಿಷಯವನ್ನೂ ಹೇಳಿದ.

ಅಕ್ಕ ಕತ್ತರಿ ಕೆಳಗಿಟ್ಟಳು. “ನನಗೋಸ್ಕರ ಅಂತ ಮೊದಲನೇ ದಿನವೇ ಗೊತ್ತಿತ್ತು. ಲೋಕಕ್ಕೋಸ್ಕರ ನೀನು ಯಾವತ್ತು ಬೆಳಗ್ಗೆ ಬೇಗ ಎದ್ದಿದ್ದೀಯ? ಅದಿರ್ಲಿ. ನಾನು ಬರೆದಿದ್ದು ಸರಿ ಇತ್ತಾ?”

“ಒಂದು ಒತ್ತೂ ತಪ್ಪಿರಲಿಲ್ಲ ಅಕ್ಕ.”

“ಒಂದೂ?”

“ಒಂದೂ.”

ಅವಳು ಬೆನ್ನು ತಿರುಗಿಸಿ ದಾರದ ಬಾಬಿನ್ ಡಬ್ಬಿಯಲ್ಲಿ ಏನನ್ನೋ ಹುಡುಕಿದಳು. ಅಳುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ಮೂಗೊರೆಸಿಕೊಂಡು, ಕಂಪ್ಯೂಟರ್ ಮುಂದೆ ಕೂತು, “ಮೊದಲು ನಿನ್ನ ಕಳ್ಳನ್ನ ಹೊರಗೆ ಹಾಕು,” ಅಂದಳು. ಅವನು ಆಡ್‌ಆನ್ ತೆಗೆದ. ಅವಳು ಒಂದೊಂದೇ ಅಕ್ಷರ ಒತ್ತುತ್ತ ಬರೆದು ಮುಗಿಸಿ, ಕುರ್ಚಿ ಪಕ್ಕಕ್ಕೆ ಸರಿಸಿದಳು.

“ಒತ್ತು ಸರಿಯಾಗಿದೆಯಾ ನೋಡು.”

ಅವನು ಬಗ್ಗಿ ಓದಿದ.

‘ಮಾನ್ಯ ಸಂಪಾದಕರೇ, ನಾನು ಕಳಿಸಿದ್ದು ಕತೆಯನ್ನೇ. ಅದರಲ್ಲಿ ಕತ್ತೆ ಇಲ್ಲ. ಕತ್ತೆ ನನ್ನ ತಮ್ಮ. ಅವನನ್ನು ಚಿಕ್ಕಂದಿನಿಂದ ನಾನೇ ಸಾಕಿದ್ದು. ಯಾರಿಗೂ ಕಳಿಸುವುದಿಲ್ಲ.’

ಅಕ್ಷರಗಳು ಕಣ್ಣಲ್ಲಿ ಕಲಸಿಹೋದವು. ಆದರೂ ಅವನು ಒಂದೊಂದು ಒತ್ತಿನ ಮೇಲೂ ಬೆರಳಿಟ್ಟು, ಮೊದಲಿಂದ ಕೊನೆಯವರೆಗೆ ನೋಡಿದ.

“ಎಲ್ಲಾ ಸರಿಯಾಗಿದೆ ಅಕ್ಕ,” ಅಂದ.