ಮೇಯರ್ ರಾಜೀನಾಮೆ ಯಾರಿಗೂ ಬೇಡ

ಲೊರೆಟಾ ಗಂಡನ ಗದ್ದವನ್ನು ಎಡಗೈಯಲ್ಲಿ ಎತ್ತಿ ಹಿಡಿದು ಕುತ್ತಿಗೆಯ ಮೇಲೆ ರೇಜರ್ ಎಳೆಯುತ್ತಿದ್ದಾಗ ಅಡುಗೆಮನೆಯ ಬಾಗಿಲು ತೆರೆದುಕೊಂಡಿತು. ಆ ದ್ವೀಪದಲ್ಲಿ ಬಾಗಿಲು ಬಡಿಯುವವರು ಪೊಲೀಸರು ಮತ್ತು ಪರವೂರಿನವರು ಮಾತ್ರ. ಇವರಿಬ್ಬರೂ ನೇರ ಒಳಗೆ ಬಂದರು: ಉಪಮೇಯರ್ ಡಾರ್ಮನ್ ಪೆಡಲ್, ಅವನ ಹಿಂದೆ ಮೀನಿನ ಕಾರ್ಖಾನೆಯಲ್ಲಿ ದುಡಿಯುವ ಗರ್ಟಿ ಸ್ನೂಕ್. ಅವಳೂ ಕೌನ್ಸಿಲ್ ಸದಸ್ಯೆಯೇ. ಕೈಯಲ್ಲಿ ಬಟ್ಟೆ ಮುಚ್ಚಿದ ಬ್ಲೂಬೆರಿ ಪೈ.

"ಅಲ್ಲಾಡ್ಬೇಡ," ಎಂದಳು ಲೊರೆಟಾ ಗಂಡನಿಗೆ.

ಆಂಬ್ರೋಸ್ ಅಲ್ಲಾಡುತ್ತಿರಲಿಲ್ಲ. ಅವನ ಕೈಗಳು ಅಲ್ಲಾಡುತ್ತಿದ್ದವು. ಅದಕ್ಕೇ ಅವನ್ನು ತೊಡೆಗಳ ನಡುವೆ ಒತ್ತಿಕೊಂಡು, ಶಾಲೆಯಲ್ಲಿ ಬೈಸಿಕೊಂಡವನ ಹಾಗೆ ಕೂತಿದ್ದ. ಈ ವಾರ ಅವನು ಒಂದು ಹನಿಯೂ ಕುಡಿದಿರಲಿಲ್ಲ.

"ಏನ್ ಸ್ಕಿಪ್ಪರ್, ಮದುಮಗನ ಹಾಗೆ ತಯಾರಾಗ್ತಿದೀಯ!" ಗರ್ಟಿ ನಕ್ಕಳು.

"ದೋಣಿಗೆ ಹೊರಟಿದಾನೆ," ಎಂದಳು ಲೊರೆಟಾ. "ಪೆಟ್ಟಿಗೆ ಕಾಣಿಸ್ತಿಲ್ವಾ?"

ಪೆಟ್ಟಿಗೆ ಬಾಗಿಲ ಪಕ್ಕದಲ್ಲೇ ಇತ್ತು. ಮಧ್ಯಾಹ್ನದ ದೋಣಿ ಹಿಡಿದರೆ ರಾತ್ರಿಯೊಳಗೆ ರಾಜಧಾನಿ ಸೇಂಟ್ ಜಾನ್ಸ್. ಅಲ್ಲಿ ಕುಡಿತ ಬಿಡಿಸುವ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಾಗಿತ್ತು. ವಸಂತದಿಂದ ಕಾದು ಸಿಕ್ಕಿದ್ದು ಅದು. ಬೆಳಿಗ್ಗೆ ಅವನು ಅಲ್ಲಿರದಿದ್ದರೆ ಸಾಲಿನಲ್ಲಿ ಮುಂದಿನವನಿಗೆ ಹೋಗುತ್ತದೆ. ಇನ್ನೊಂದು ಚಳಿಗಾಲ ಹೀಗೇ ಕಳೆದರೆ ಹಾಸಿಗೆಯ ಅಗತ್ಯವೇ ಇರುವುದಿಲ್ಲ ಎಂದು ಡಾಕ್ಟರು ಲೊರೆಟಾಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

"ಮೇಯರ್ ಊರು ಬಿಟ್ಟು ಹೀಗೆಲ್ಲ ಹೋಗೋ ಹಾಗಿಲ್ಲ," ಎಂದ ಡಾರ್ಮನ್.

"ಮೇಯರ್ ಯಾರಿದಾರೆ ಇಲ್ಲಿ? ಗುರುವಾರ ರಾಜೀನಾಮೆ ಕೊಟ್ಟಾಯ್ತಲ್ಲ."

"ಕೊಟ್ಟ. ನಾವು ತಗೊಂಡಿಲ್ಲ. ಮುಂದಕ್ಕೆ ಹಾಕಿದೀವಿ."

ಲೊರೆಟಾ ರೇಜರನ್ನು ಬಿಸಿನೀರಿನಲ್ಲಿ ಅಲುಗಿಸಿದಳು. ಕಳೆದ ನವೆಂಬರಿನಲ್ಲಿ, ಯುದ್ಧದಲ್ಲಿ ಸತ್ತವರ ಕಲ್ಲಿಗೆ ಹೂಚಕ್ರ ಇಡಲು ಬಗ್ಗಿದ ಆಂಬ್ರೋಸ್ ಅದರ ಮೇಲೇ ಮಗುಚಿಬಿದ್ದಿದ್ದ. ಅವತ್ತು ಡಾರ್ಮನ್‌ನ ಅಂಗಡಿಯಲ್ಲಿ ಸೇರಿದವರೆಲ್ಲ ಇವನು ಇಳಿಯಲೇಬೇಕು, ಊರಿನ ಮಾನ ಹೋಯಿತು ಎಂದು ಬಾಯಿ ಬಡಿದುಕೊಂಡಿದ್ದರು. ಚುನಾವಣೆ ಬಂದಾಗ ಅವರೇ ಅವನನ್ನು ಅವಿರೋಧವಾಗಿ ಆರಿಸಿದರು.

ಯಾಕೆಂದು ಅವಳಿಗೆ ಗೊತ್ತಿತ್ತು. ಊರಿನ ನೀರಿನ ಪೈಪು, ನರ್ಸು, ಚಳಿಗಾಲದಲ್ಲೂ ಓಡುವ ದೋಣಿ, ಎಲ್ಲವೂ ಬಂದದ್ದು ಈ ಅಡುಗೆಮನೆಯ ಮೇಜಿನಿಂದ. ರಾಜಧಾನಿಯಿಂದ ಬಂದ ಅಧಿಕಾರಿ ಅವಳು ಮಾಡಿದ ಉಪ್ಪುಮೀನು ಉಣ್ಣುತ್ತಿದ್ದ, ರಮ್ ಬಾಟಲಿ ಬಿಚ್ಚುತ್ತಿದ್ದರು, ಎರಡನೆಯದು ಮುಗಿಯುವ ಹೊತ್ತಿಗೆ ಅವನು ಆಂಬ್ರೋಸ್‌ನ ಹೆಗಲ ಮೇಲೆ ಬಿದ್ದು ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. ಬೆಳಿಗ್ಗೆ ಅಧಿಕಾರಿ ತಲೆ ಹಿಡಿದುಕೊಂಡು ದೋಣಿ ಹತ್ತುತ್ತಿದ್ದ. ಆಂಬ್ರೋಸ್ ಮಲಗುತ್ತಿದ್ದ. ಮೊದಮೊದಲು ಒಂದು ದಿನ ಮಲಗುತ್ತಿದ್ದವನು ಆಮೇಲೆ ವಾರಗಟ್ಟಲೆ ಏಳದಾದ.

"ಮಂಗಳವಾರ ರಾಜಧಾನಿಯಿಂದ ಕ್ಲೌಸ್ಟನ್ ಬರ್ತಾನೆ," ಎಂದ ಡಾರ್ಮನ್. "ದೋಣಿ ನಿಲ್ಲೋ ದಕ್ಕೆ ನೋಡೋಕೆ. ರಿಪೇರಿಗೆ ದುಡ್ಡು ಕೊಡೋದು ಅವನ ಇಲಾಖೆ."

"ನೀನೇ ಕೂರಿಸಿ ಕುಡಿಸು."

"ನಾನು ಜನ್ಮದಲ್ಲಿ ಮುಟ್ಟಿದವನಲ್ಲ, ಲೊರೆಟಾ. ನಮ್ಮ ಚರ್ಚಿನಲ್ಲಿ ಅದು ಪಾಪ."

"ಹಾಗಾದ್ರೆ ಇನ್ನೂ ಒಳ್ಳೇದು. ನಿನ್ನ ಲಿವರ್ ಅಂಗಡೀಲಿ ಇಟ್ಟ ಹಾಗೇ ಇದೆ, ಪೊಟ್ಟಣ ಕೂಡ ಬಿಚ್ಚಿಲ್ಲ. ಮಂಗಳವಾರ ಉದ್ಘಾಟನೆ ಮಾಡು."

ಆಂಬ್ರೋಸ್ ಕಿಸಕ್ಕನೆ ನಕ್ಕ. ರೇಜರ್ ಜಾರಿ ದವಡೆಯ ಕೆಳಗೆ ರಕ್ತ ಚಿಮ್ಮಿತು. ಲೊರೆಟಾಗೂ ನಗು ಬಂದಿತ್ತು. ತಡೆದುಕೊಂಡಳು.

ಡಾರ್ಮನ್ ಮುಖ ಕೆಂಪಗಾಯಿತು. "ನಾವು ಪ್ರತಿ ಭಾನುವಾರ ಅವನಿಗೋಸ್ಕರ ಪ್ರಾರ್ಥನೆ ಮಾಡ್ತೀವಿ."

"ಮಂಗಳವಾರದ ಬಾಟ್ಲಿ ಯಾರ ಅಂಗಡಿಯಿಂದ ಬರತ್ತೆ?"

ಅವನು ಕಿಟಕಿಯ ಕಡೆ ನೋಡಿದ.

ಗರ್ಟಿ ಪೈಯನ್ನು ಮೇಜಿನ ಮೇಲಿಟ್ಟು ಆಂಬ್ರೋಸ್‌ನ ಎದುರು ಮೊಣಕಾಲೂರಿ ಕೂತಳು. ಅವಳು ನಗುತ್ತಿರಲಿಲ್ಲ. "ಆಮ್, ಮಾರಾಯ, ನಿನ್ನನ್ನ ಸಾಯಿಸೋಕೆ ಬಂದಿಲ್ಲ ನಾನು. ದಕ್ಕೆಯ ಕಂಬಗಳು ಹೇಗಿವೆ ಅಂತ ನಿನಗೇ ಗೊತ್ತು. ಬಿದ್ರೆ ದೋಣಿಗಳು ಬೇರೆ ಕಡೆ ಮೀನು ಇಳಿಸ್ತವೆ. ಕಾರ್ಖಾನೆ ಮುಚ್ಚತ್ತೆ. ಆಮೇಲೆ ಸರ್ಕಾರದವರು ಕೈಗಿಷ್ಟು ಕಾಸು ತುರುಕಿ, ಊರು ಬಿಟ್ಟು ಎಲ್ಲಿಗಾದ್ರೂ ಹೋಗಿ ಅಂತಾರೆ. ನಮ್ಮಮ್ಮನ ಮನೆಯ ಕಿಟಕಿಗೆ ನಾನೇ ಹಲಗೆ ಹೊಡೀಬೇಕಾ?"

ಗರ್ಟಿ ಸುಳ್ಳು ಹೇಳುತ್ತಿರಲಿಲ್ಲ. ಅದೇ ಲೊರೆಟಾಳ ಹೊಟ್ಟೆ ಉರಿಸಿತು.

"ಇವನು ಸತ್ತ ಮೇಲೆ ಯಾರನ್ನ ಕೂರಿಸ್ತೀರಿ?" ಎಂದಳು.

ಗರ್ಟಿ ಮೆಲ್ಲಗೆ ಎದ್ದುನಿಂತಳು.

"ಕ್ಲೌಸ್ಟನ್ ನನ್ನ ಹೆಸರು ಹೇಳಿದ್ನಾ?" ಎಂದು ಕೇಳಿದ ಆಂಬ್ರೋಸ್.

"ಆಂಬ್ರೋಸ್ ಇದ್ರೆ ಬರ್ತೀನಿ, ಇಲ್ದಿದ್ರೆ ಫೋನಲ್ಲೇ ಮುಗಿಸೋಣ ಅಂದ," ಎಂದ ಡಾರ್ಮನ್. "ಅವನದೇ ಮಾತು."

ಲೊರೆಟಾ ಗಂಡನನ್ನು ನೋಡಿದಳು. ಅವನು ಕೈಗಳನ್ನು ತೊಡೆಗಳ ನಡುವಿನಿಂದ ಹೊರಗೆ ತೆಗೆದು ಮೇಜಿನ ಮೇಲಿಟ್ಟಿದ್ದ. ಅವು ನಡುಗುತ್ತಿರಲಿಲ್ಲ. ವಾರವಿಡೀ ಅವಳು ಕುಡಿಸಿದ ಸಾರು, ಹಾಸಿದ ಒಣಬಟ್ಟೆ, ನಡುರಾತ್ರಿ ಹಿಡಿದುಕೊಂಡ ತಲೆ, ಯಾವುದಕ್ಕೂ ನಿಲ್ಲದ ನಡುಕ ಕ್ಲೌಸ್ಟನ್‌ನ ಒಂದು ಮಾತಿಗೆ ನಿಂತಿತ್ತು.

ಆಂಬ್ರೋಸ್ ಟವೆಲಿನಿಂದ ನೊರೆ, ರಕ್ತ ಎರಡನ್ನೂ ತಾನೇ ಒರೆಸಿಕೊಂಡು ಎದ್ದುನಿಂತ. ಎದ್ದಾಗ ಅವನು ಮೇಯರ್ ಆಗಿದ್ದ.

"ಒಂದೇ ರಾತ್ರಿ, ಲೊರೆಟಾ."

"ಹಾಸಿಗೆ ನಾಳೆ ಬೆಳಿಗ್ಗೆ ಹೋಗತ್ತೆ."

"ಇನ್ನೊಂದು ಸಿಗತ್ತೆ."

"ಕೌನ್ಸಿಲೇ ಪತ್ರ ಬರಿಯತ್ತೆ," ಎಂದ ಡಾರ್ಮನ್. "ಮುಂದಿನ ಸಲ ನಾನೇ ಖುದ್ದು ಕರ್ಕೊಂಡು ಹೋಗ್ತೀನಿ."

"ನೀನು ಸುಮ್ನಿರು," ಎಂದ ಆಂಬ್ರೋಸ್. ಹೆಂಡತಿಯ ಕೈಯಿಂದ ರೇಜರ್ ತೆಗೆದು ಮೆಲ್ಲಗೆ ಕೆಳಗಿಟ್ಟು, ಅವಳ ಎರಡೂ ಕೈ ಹಿಡಿದ. "ಕೇಳು. ಮಂಗಳವಾರ ನೀನು ನನ್ನ ಪಕ್ಕದಲ್ಲೇ ಕೂತ್ಕೋ. ಬಾಟ್ಲಿ ನಿನ್ನ ಹತ್ರಾನೇ ಇರ್ಲಿ. ಸುರಿಯೋಳು ನೀನು, ನಿಲ್ಲಿಸೋಳೂ ನೀನು. ನೀನು ಸಾಕು ಅಂದ್ರೆ ಕ್ಲೌಸ್ಟನ್ ಎದುರಿಗೇ ಗ್ಲಾಸು ಮಗುಚಿ ಇಡ್ತೀನಿ. ಮೇರಿಮಾತೆ ಆಣೆ. ಕೂತ್ಕೋತೀಯ ತಾನೆ?"

ಗರ್ಟಿ ಅವಸರದಿಂದ ಒಂದು ಕುರ್ಚಿಯನ್ನು ಅವಳ ಕಡೆಗೆ ಎಳೆದಳು.

"ಕೂರಲ್ಲ," ಎಂದಳು ಲೊರೆಟಾ.