ನೆಲ ಹೊತ್ತ ಫಕ್ಕೀರಪ್ಪ

ಸವಣೂರಿನಲ್ಲಿ ನನ್ನ ಮಗ ಶಂಕ್ರಪ್ಪನದು ವೀಳ್ಯದೆಲೆ ಅಂಗಡಿ. ೧೯೮೬ರ ಬೇಸಿಗೆಯಲ್ಲಿ ಅದರ ಹಿಂದಿನ ಗೋಡೆಯ ಮೇಲೆ ಯಾರೋ ಟೇಪ್‌ರೆಕಾರ್ಡರು, ಮಿಂಚು, ಹಲ್ಲು ಕಿರಿಯುವ ಹುಲಿ ಬರೆದು, ಸೊಟ್ಟ ಅಕ್ಷರಗಳಲ್ಲಿ ‘ಬ್ರೇಕ್ ಡ್ಯಾನ್ಸ್’ ಎಂದು ಬಳಿದಿದ್ದರು.

“ಸುಣ್ಣ ಹೊಡಿಸಿದ ಗ್ವಾಡಿ! ಕೈಯಾಗ ಸಿಗಲಿ, ನಾಲಿಗಿಲೆ ಒರಸಸ್ತೇನಿ” ಎಂದು ಶಂಕ್ರಪ್ಪ ಎಂಟು ದಿನ ಕೂಗಾಡಿದ.

ಬರೆದವನು ಅವನ ಮಗ ಫಕ್ಕೀರಪ್ಪನೇ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆಂದು ತಂದಿಟ್ಟ ಬಣ್ಣದ ಡಬ್ಬಿಗಳು ಖಾಲಿಯಾಗಿದ್ದನ್ನು ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ.

ಹತ್ತೊಂಬತ್ತರ ಮೊಮ್ಮಗ ಟೈಪಿಂಗ್ ಕ್ಲಾಸಿಗೆಂದು ಹೋಗಿ ಡ್ಯಾನ್ಸು ಕಲಿತಿದ್ದ. ಭಾನುವಾರ ಹುಬ್ಬಳ್ಳಿಯಲ್ಲಿ ಪಂದ್ಯ. ಕುಣಿಯುವ ಫೋಟೊ ತಂದವರ ಹೆಸರನ್ನಷ್ಟೇ ಪಂದ್ಯಕ್ಕೆ ಬರೆದುಕೊಳ್ಳುತ್ತಾರಂತೆ. ಅಪ್ಪನಿಗೆ ಗೊತ್ತಾದರೆ ಹುಬ್ಬಳ್ಳಿ ಮುಗಿದಂತೆಯೇ. ಅದಕ್ಕೇ ಶಂಕ್ರಪ್ಪ ಊಟಕ್ಕೆ ಹೋದ ಹೊತ್ತು ನೋಡಿ ಫಕ್ಕೀರಪ್ಪ ಸ್ಟುಡಿಯೋದ ಶಹಾಬುದ್ದೀನನನ್ನು ಆ ಗೋಡೆಯ ಮುಂದೆ ಕರೆತಂದ. ಓಣಿಯ ತುದಿಯಲ್ಲಿ ಕಾವಲಿಗೆ ನಾನು.

ಶಹಾಬುದ್ದೀನ ಮದುಮಕ್ಕಳ ಫೋಟೊ ತೆಗೆದು ರೂಢಿಯಾದವನು. “ಅಲಗ್ಯಾಡಬ್ಯಾಡ!”

“ಡ್ಯಾನ್ಸ್ ಮಾಡಾಕತ್ತೇನಿ ಕಾಕಾ. ಅಲಗ್ಯಾಡದ ಹೆಂಗ ಮಾಡ್ಲಿ?”

“ನಿನ್ನ ಮಾರಿ ಹಿಟ್ಟು ಕಲಸಿದಂಗ ಬರತೈತಿ. ಆಮ್ಯಾಲೆ ನನ್ನ ಬೈಬ್ಯಾಡ.”

ಕೊನೆಗೆ ಫಕ್ಕೀರಪ್ಪ ತಲೆಯನ್ನು ನೆಲಕ್ಕೂರಿ, ಕಾಲು ಮೇಲೆತ್ತಿ, ಉಸಿರು ಬಿಗಿಹಿಡಿದು ನಿಂತ. ಕ್ಯಾಮೆರಾ ಕ್ಲಿಕ್ಕೆಂದಿತು.

ಭಾನುವಾರ ಮುಂಜಾನೆ ಫೋಟೊ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದ. ಹತ್ತಕ್ಕೆ ಬಸ್ಸು. ನಾನು ಶಂಕ್ರಪ್ಪನ ಜೊತೆ ಪೇಟೆಗೆ ಬಂದರೆ, ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ಅದೇ ಫೋಟೊ, ದೊಡ್ಡದು ಮಾಡಿ ತೂಗುಹಾಕಿದ್ದು! ಅದೂ ಮುಖ ನೆಟ್ಟಗೆ ಕಾಣಲೆಂದು ತಿರುವಿ. ಹುಲಿ ತಲೆಕೆಳಗಾಗಿತ್ತು. ಮೊಮ್ಮಗ ನೆಲವನ್ನೇ ತಲೆಯ ಮೇಲೆ ಹೊತ್ತು ನಗುತ್ತಿದ್ದ.

ಹತ್ತಕ್ಕೆ ಇನ್ನೂ ಐದು ನಿಮಿಷ. ಶಂಕ್ರಪ್ಪ ಹಿಂದೆ ಗಿರಾಕಿಯೊಬ್ಬನ ಕೂಡ ಮಾತಿಗೆ ನಿಂತಿದ್ದ. ನಾನು ಪೆಟ್ಟಿಗೆ ತೆರೆದು ಫೋಟೊ ತಿರುವಿಟ್ಟೆ.

“ಅವ್ವಾರ, ಮಾರಿ ಕೆಳಗಾತಲ್ರಿ!” ಎಂದ ಶಹಾಬುದ್ದೀನ.

“ಆಗ್ಲಿ. ಸುಮ್ನ ನಿಂದರು.”

ಶಂಕ್ರಪ್ಪ ಬಂದವನೇ ಗಾಜಿಗೆ ಮೂಗು ಹಚ್ಚಿದ. “ಏ, ಇದು ನನ್ನ ಗ್ವಾಡಿ! ಕಳ್ಳ ಸಿಕ್ಕ! ಯಾರಲೇ ಇಂವ? ತಿರುವಿ ತೋರಿಸು.”

“ಮೊಳಿ ಬಡದಾನೋ, ತಿರುಗೂದಿಲ್ಲ” ಎಂದೆ. “ನೀನ ಬಗ್ಗಿ ನೋಡು.”

ಕತ್ತು ವಾಲಿಸಿದ. ಸಾಲಲಿಲ್ಲ. “ಇನ್ನೂ ಬಗ್ಗಪಾ” ಎಂದೆ. ಗಾಜಿಗೆ ಬೆನ್ನು ಮಾಡಿ, ಹೊಟ್ಟೆ ಒತ್ತಿಕೊಂಡು, ಕಾಲ ಸಂದಿಯಿಂದ ಇಣುಕಿದ. ಟೊಪ್ಪಿಗೆ ಉರುಳಿತು. ಪೇಟೆಯೇ ನೆರೆಯಿತು. ಅಷ್ಟರಲ್ಲಿ ಬಸ್ಸು ಹಾರ್ನ್ ಬಾರಿಸುತ್ತ ಹಾದುಹೋಯಿತು. ಕಿಟಕಿಯಿಂದ ಒಂದು ಕೈ ಬೀಸಿತು.

“ಅವ್ವಾ… ಇಂವ ನಮ್ಮ ಫಕ್ಕೀರ್ಯಾ!”

“ಹೌದು ನೋಡು. ಬಸ್ಸೂ ಹೋತು.”

ಶಂಕ್ರಪ್ಪ ಏಳುವ ಮೊದಲೇ ಶಹಾಬುದ್ದೀನ ಕ್ಯಾಮೆರಾ ಹಿಡಿದು ಎದುರು ಕೂತ. “ಸಾವಕಾರ್ರ, ಅಲಗ್ಯಾಡಬ್ಯಾಡ್ರಿ!”

ಕ್ಲಿಕ್.

“ಸಂಜಿಗೆ ಆ ಮಗ ಬರಲಿ…” ಎಂದು ಶಂಕ್ರಪ್ಪ ಹಲ್ಲು ಕಡಿದ.

“ಬೈ, ಬ್ಯಾಡ ಅನ್ನೂದಿಲ್ಲ” ಎಂದೆ. “ಬೈದ ಮರುದಿನ ನಿನ್ನ ಫೋಟೊನೂ ಅವನ ಬಾಜೂಕ ತೂಗುಹಾಕಸ್ತೇನಿ. ಅದನ್ನೂ ಮೊಳಿ ಬಡದು.”

ಶಂಕ್ರಪ್ಪ ಟೊಪ್ಪಿಗೆಯ ಧೂಳು ಝಾಡಿಸಿದ. ಬಹಳ ಹೊತ್ತು ಝಾಡಿಸಿದ.