ಮೂವತ್ತೆರಡನೇ ವಾರದ ಭಿನ್ನರಾಶಿ

೨೦೧೭ರ ಜನವರಿ ಕೊನೆಗೆ, ಬೀಳಗಿ ತಾಲ್ಲೂಕಿನಲ್ಲಿ ಹಿನ್ನೀರಿಗೆ ಊರು ಮುಳುಗಿದವರ ಒಂದು ಪುನರ್ವಸತಿ ಕೇಂದ್ರದ ಶಾಲೆಯ ಹದಿಮೂರು ಮಕ್ಕಳನ್ನು ಭಿನ್ನರಾಶಿ ಕಲಿಯದವರ ಪಟ್ಟಿಗೆ ಸೇರಿಸಲಾಯಿತು. ಆ ಹದಿಮೂರೂ ಮಕ್ಕಳು ಭಿನ್ನರಾಶಿಯನ್ನು ಆಗಸ್ಟಿನಲ್ಲೇ ಕಲಿತಿದ್ದರು.

ಪಟ್ಟಿ ಮಾಡಿದ್ದು ಮನುಷ್ಯರ ಕೈಯಲ್ಲ, ಒಂದು ತಂತ್ರಾಂಶ. ಮೇಲಿನವರು ಅದಕ್ಕೊಂದು ಉದ್ದನೆಯ ಸಂಸ್ಕೃತದ ಹೆಸರಿಟ್ಟಿದ್ದರು. ಅದನ್ನು ಎಡವದೆ ಉಚ್ಚರಿಸಿದ ಮಾಸ್ತರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಎಲ್ಲರೂ ಅದನ್ನು ‘ಖಾನೆ’ ಅಂತಲೇ ಕರೆಯುತ್ತಿದ್ದರು, ಯಾಕೆಂದರೆ ತೆರೆದರೆ ಕಾಣುತ್ತಿದ್ದದ್ದು ಬರೀ ಖಾನೆಗಳು. ಯಾವ ತರಗತಿ, ಯಾವ ಪಾಠ, ಯಾವ ಸಾಮರ್ಥ್ಯ, ಯಾವ ವಾರ, ಎಷ್ಟು ನಿಮಿಷ. ರಾಜ್ಯಕ್ಕೆಲ್ಲ ಒಂದೇ ಅಳತೆ. ಪಾಠಯೋಜನೆ ಆ ಅಳತೆಗೆ ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಐದನೇ ತರಗತಿಯ ಭಿನ್ನರಾಶಿಗೆ ಖಾನೆ ಗೊತ್ತುಮಾಡಿದ್ದು ಮೂವತ್ತೆರಡನೇ ವಾರ, ಅಂದರೆ ಜನವರಿಯ ಮೊದಲ ವಾರ. ಆ ವಾರ ಹದಿಮೂರು ಮಕ್ಕಳೂ ಚಿಕ್ಕಪಡಸಲಗಿ ಕಡೆಯ ಹೊಲಗಳಲ್ಲಿ ಕುರಿಗಳ ಹಿಂದೆ ಇದ್ದರು.

ಅವರ ಟೀಚರು ವೈಶಾಲಿ. ಅವಳೂ ಬೀರೇಶ್ವರನ ಒಕ್ಕಲಿನ ಮನೆಯವಳೇ, ಕುರಿ ಕಾಯುತ್ತಿದ್ದ ಪಾಂಡಪ್ಪನ ಮಗಳು. ದೀಪಾವಳಿಗೆ ಕುರಿ ಕೂಡುವ ದಡ್ಡಿಯ ಪೂಜೆ ಮುಗಿಯಿತೆಂದರೆ ಮಂದೆ ಊರು ಬಿಡುತ್ತದೆ, ಮಂದೆಯ ಹಿಂದೆ ಮಕ್ಕಳೂ ಬಿಡುತ್ತವೆ, ಯುಗಾದಿ ಹೊತ್ತಿಗೆ ತಿರುಗಿ ಬರುತ್ತವೆ ಎಂಬುದನ್ನು ಅವಳಿಗೆ ಯಾವ ತರಬೇತಿಯಲ್ಲೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಐದನೇ ತರಗತಿಯ ಭಿನ್ನರಾಶಿಯೂ ಹೀಗೇ ಯಾರದೋ ಹೊಲದಲ್ಲಿ ಕಳೆದುಹೋಗಿತ್ತು. ಅದು ಅವಳಿಗೆ ಸಿಕ್ಕಿದ್ದು ಹತ್ತನೇ ತರಗತಿಯಲ್ಲಿ, ಬೆತ್ತದ ಏಟಿನ ಜೊತೆ.

ಅದಕ್ಕೇ ಈ ಶಾಲೆಗೆ ಬಂದ ವರ್ಷವೇ ಅವಳು ಹೆಡ್ ಮಾಸ್ತರ್ ಅಪ್ಪಾಸಾಬರ ಎದುರು ಪಠ್ಯಪುಸ್ತಕ ಇಟ್ಟುಕೊಂಡು ಕೂತಳು. ಮಕ್ಕಳು ಊರಲ್ಲಿರುವ ಐದು ತಿಂಗಳಿಗೆ ಗಟ್ಟಿ ಪಾಠಗಳನ್ನೆಲ್ಲ ಮುಂದೆ ಎಳೆದಳು, ಹಾಡು, ಚಿತ್ರ, ಹಬ್ಬ ಹರಿದಿನಗಳ ಪಾಠಗಳನ್ನು ಹಿಂದೆ ತಳ್ಳಿದಳು. ಅಪ್ಪಾಸಾಬರು ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಮನುಷ್ಯ. ಅವರು ತಡೆಯಲಿಲ್ಲ. ಇಂಥಾದ್ದನ್ನು ಇಪ್ಪತ್ತು ವರ್ಷದ ಹಿಂದೆ ತಾನೇ ಮಾಡಬೇಕಿತ್ತು ಅಂದರು, ಅಷ್ಟೆ.

ಭಿನ್ನರಾಶಿಗೆ ಅವಳು ರೊಟ್ಟಿ ಕತ್ತರಿಸಲಿಲ್ಲ. ಕುರಿ ಕಾಯುವವರ ನಡುವೆ ‘ಪಾಲಿಗೆ ಬಿಡುವ’ ಪದ್ಧತಿ ಇದೆ. ಒಬ್ಬರು ತಮ್ಮ ಕುರಿಗಳನ್ನು ಇನ್ನೊಬ್ಬರ ಮಂದೆಯಲ್ಲಿ ಬಿಡುತ್ತಾರೆ, ಹುಟ್ಟಿದ ಮರಿಗಳಲ್ಲಿ ಅರ್ಧ ಒಡೆಯನಿಗೆ, ಅರ್ಧ ಕಾಯ್ದವನಿಗೆ. ಕಾಯ್ದವರು ಅಣ್ಣತಮ್ಮ ಇಬ್ಬರಾದರೆ ಆ ಅರ್ಧದಲ್ಲಿ ಮತ್ತೆ ಅರ್ಧ. ಶಾಲೆಯ ಹಿಂದೆಯೇ ಮುತ್ತಣ್ಣನ ದಡ್ಡಿ ಇತ್ತು. ವೈಶಾಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಮರಿಗಳನ್ನು ಎಣಿಸಿ, ಪಾಲು ಮಾಡಿಸಿದಳು. ಮೂರು ದಿನದಲ್ಲಿ ಮಕ್ಕಳು ಅರ್ಧದ ಅರ್ಧ, ಕಾಲಿನ ಅರ್ಧದವರೆಗೆ ಹೋಗಿದ್ದರು. ಪರೀಕ್ಷೆ ಮಾಡಿ ಅಂಕಗಳನ್ನು ಖಾನೆಗೆ ಏರಿಸಿದಳು. ಗೊತ್ತಾದ ವಾರ ಇನ್ನೂ ಬಂದಿರದ ಕಾರಣ ಅದು ಹಸಿರೂ ಆಗಲಿಲ್ಲ, ಕೆಂಪೂ ಆಗಲಿಲ್ಲ, ‘ಇತರೆ’ ಎಂಬ ಹಳದಿ ಪುಟದಲ್ಲಿ ಕೂತಿತು. ಜನವರಿಯಲ್ಲಿ ಖಾನೆ ಮತ್ತೆ ಅದೇ ಪಾಠದ ಅಂಕ ಕೇಳಿತು. ಮಕ್ಕಳಿರಲಿಲ್ಲ. ಅದು ತಾನೇ ಸೊನ್ನೆ ಹಾಕಿಕೊಂಡಿತು.

ಇಷ್ಟಕ್ಕೇ ಮುಗಿದಿದ್ದರೆ ವೈಶಾಲಿ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳೇನೋ. ಆದರೆ ಆ ವರ್ಷ ವಸತಿ ಶಾಲೆಯ ಅರ್ಜಿಗೆ ಖಾನೆಯ ಪ್ರತಿಯನ್ನೂ ಲಗತ್ತಿಸಬೇಕೆಂದು ಸುತ್ತೋಲೆ ಬಂತು. ಮುತ್ತಣ್ಣನ ಮಗಳು ಶೇವಂತಿ ಐದನೇ ತರಗತಿ. ಆರಕ್ಕೆ ವಸತಿ ಶಾಲೆ ಸಿಕ್ಕರೆ ಅವಳು ಮಂದೆಯ ಹಿಂದೆ ಹೋಗುವುದು ತಪ್ಪುತ್ತದೆ, ಸಿಗದಿದ್ದರೆ ಬರುವ ದೀಪಾವಳಿಗೆ ಓದೇ ಮುಗಿದಂತೆ. ಅರ್ಜಿಗೆ ಫೆಬ್ರುವರಿಯ ಮೂರನೇ ಶನಿವಾರ ಕೊನೆಯ ದಿನ. ಅವಳ ಹೆಸರಿನ ಮುಂದೆ ಕೆಂಪು. ಅವಳು ಕಲಿತದ್ದಕ್ಕೆ ಸಾಕ್ಷಿ ಅಂತ ಉಳಿದದ್ದು ಆಗಸ್ಟಿನ ಆ ಹಳದಿ ಪುಟ ಒಂದೇ.

ಆ ವಾರವೇ ಮುಧೋಳದಲ್ಲಿ ಮೂರು ದಿನದ ತರಬೇತಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಅರವತ್ತು ಜನ ಶಿಕ್ಷಕರು. ತಮಾಷೆ ನೋಡಿ, ವೈಶಾಲಿಯನ್ನು ಅಲ್ಲಿಗೆ ಕರೆದದ್ದು ಕಲಿಯುವುದಕ್ಕಲ್ಲ, ಕಲಿಸುವುದಕ್ಕೆ. ಅವಳ ಮರಿಗಳ ಪಾಠಯೋಜನೆಯನ್ನು ಯಾರೋ ಮೇಲಿನವರು ಓದಿ ಮೆಚ್ಚಿ, ‘ಮಾದರಿ’ ಎಂದು ಎಲ್ಲರ ಫೋನಿಗೂ ಹರಿಯಬಿಟ್ಟಿದ್ದರು. ಪಾಠ ಮಾದರಿ, ಪಾಠ ಕಲಿತ ಮಕ್ಕಳು ನಾಪಾಸು.

ತಂತ್ರಾಂಶದ ಗುತ್ತಿಗೆ ಹಿಡಿದ ಸಂಸ್ಥೆಯಿಂದ ಬಂದಿದ್ದವನು ಅಜಯ, ರಬಕವಿಯ ಹುಡುಗ, ಇಪ್ಪತ್ತೈದು ದಾಟಿರಲಿಲ್ಲ. ಮೊದಲ ದಿನ ಮಧ್ಯಾಹ್ನದವರೆಗೆ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಲೇ ಇತ್ತು. ಅರವತ್ತು ಜನಕ್ಕೆ ಒಂದೇ ಸಂಪರ್ಕ. ನಡುವೆ ಎರಡು ಸಲ ಕರೆಂಟು ಹೋಯಿತು. ಚಕ್ರ ನಿಂತಾಗ ಅಜಯ ಸಾಮರ್ಥ್ಯಗಳ ಸಂಕೇತಗಳನ್ನು ಹೇಳಿಕೊಟ್ಟ, ಮಾಸ್ತರುಗಳು ಬರೆದುಕೊಂಡರು. ವೈಶಾಲಿ ಕೇಳಿದ್ದು ಒಂದೇ ಪ್ರಶ್ನೆ, ವಾರವನ್ನು ಬದಲಿಸಲು ಬರುತ್ತದೆಯೇ ಅಂತ.

ಅಜಯ ದನಿ ತಗ್ಗಿಸಿ ಹೇಳಿದ. “ಅಕ್ಕಾರ, ನನ್ನ ಕೈಯಾಗ ಇದ್ದಿದ್ರ ಇವತ್ತ ಬದಲಿ ಮಾಡತಿದ್ನಿರಿ. ಅದರ ಕೀಲಿ ಬೆಂಗಳೂರಾಗೈತಿ. ನಾ ನಾಕ ಸಲ ಬರದೇನಿ. ನಾಕೂ ಸಲ ‘ನಿಮ್ಮ ಸಲಹೆಗೆ ಧನ್ಯವಾದ’ ಅಂತ ಬಂದೈತಿ.”

ಎರಡನೇ ದಿನ ಒಂದು ಫಜೀತಿಯಾಯಿತು. ಹಸಿರು ಬಂದ ಯೋಜನೆ ಹೇಗಿರುತ್ತದೆ ಎಂದು ತೋರಿಸಲು ಅಜಯ ಬನಹಟ್ಟಿಯ ನೇಕಾರ ಓಣಿಯ ಶಾಲೆಯೊಂದರ ಪುಟ ತೆರೆದ. ‘ಶಾಲೆಯ ಹಿಂದಿನ ಮುತ್ತಣ್ಣನವರ ದಡ್ಡಿಗೆ ಮಕ್ಕಳನ್ನು ಕರೆದೊಯ್ದು ಮರಿಗಳನ್ನು ಎಣಿಸುವುದು’ ಎಂದಿತ್ತು. ಮುಂದಿನದು ಜಮಖಂಡಿ ಪೇಟೆಯ ಶಾಲೆ. ಅಲ್ಲೂ ಮುತ್ತಣ್ಣನ ದಡ್ಡಿ. ಅನಗವಾಡಿಯ ಹೊಳೆ ದಂಡೆಯಲ್ಲೂ ಅದೇ ದಡ್ಡಿ, ಅದೇ ಮರಿಗಳು. ಹುಡುಕಿದರೆ ನಲವತ್ತೊಂದು ಶಾಲೆ. ಮಾದರಿ ಅಂತ ಫೋನಿಗೆ ಬಂದದ್ದನ್ನು ಎಲ್ಲರೂ ಇದ್ದ ಹಾಗೇ ಇಳಿಸಿ, ಮೂವತ್ತೆರಡನೇ ವಾರ ಅಂತ ಒತ್ತಿ, ಏರಿಸಿಬಿಟ್ಟಿದ್ದರು. ನಲವತ್ತೊಂದೂ ಹಸಿರು. ಸರ್ಕಾರದ ಪ್ರಕಾರ ಮುತ್ತಣ್ಣನಿಗೆ ನಲವತ್ತೊಂದು ಊರಲ್ಲಿ ದಡ್ಡಿ ಇದ್ದವು.

ಸಭಾಂಗಣದಲ್ಲಿ ನಗೆ ಎದ್ದಿತು. ಬನಹಟ್ಟಿಯ ಧರ್ಮರಾಜ ಮಾಸ್ತರು ಎದ್ದು ನಿಂತು ವೈಶಾಲಿಗೆ ಕೈ ಮುಗಿದರು.

“ಅಕ್ಕಾರ, ತಪ್ಪಾತ್ರಿ. ನಮ್ಮ ಓಣ್ಯಾಗ ಮಗ್ಗದ ಸಪ್ಪಳ ಬಿಟ್ರ ಒಂದ ಮರಿ ಒದರಿದ್ದ ಕೇಳಿಲ್ಲ. ಆದ್ರ ಹಾಲ ಹಂಚು, ಮತದಾರರ ಯಾದಿ ತಿದ್ದು, ಶೌಚಾಲಯ ಎಣಸು, ಎಲ್ಲಾ ನಾವ ಮಾಡಬೇಕು. ಪಾಠ ಮಾಡಾಕ ಟೈಮ್ ಇಲ್ಲ, ಪಾಠ ಮಾಡತೇನಿ ಅಂತ ಬರಿಯಾಕ ಟೈಮ್ ಎಲ್ಲೈತ್ರಿ?”

ವೈಶಾಲಿಗೆ ನಗು ಬರಲಿಲ್ಲ. ಅವರ ಮೇಲೆ ಸಿಟ್ಟೂ ಬರಲಿಲ್ಲ. ಹಿಂದೆ ಇನ್‌ಸ್ಪೆಕ್ಟರು ಬರುತ್ತಾರೆಂದರೆ ಒಂದೇ ಪಾಠ ಟಿಪ್ಪಣಿಯ ವಹಿ ನಾಲ್ಕು ಊರು ತಿರುಗುತ್ತಿತ್ತು, ಈಗ ನಲವತ್ತೊಂದು ಊರು ತಿರುಗಿತ್ತು. ಅವಳನ್ನು ಕೆಣಕಿದ್ದು ಬೇರೆ. ಮಾಡದೇ ಇದ್ದ ಪಾಠ ನಲವತ್ತೊಂದು ಕಡೆ ಹಸಿರು, ಮಾಡಿದ ಪಾಠ ಒಂದು ಕಡೆ ಕೆಂಪು. ಯಂತ್ರ ನೋಡಿದ್ದು ವಾರವನ್ನು, ಮಕ್ಕಳನ್ನಲ್ಲ. ಮಕ್ಕಳನ್ನು ನೋಡಬೇಕೆಂದು ಅದನ್ನು ಮಾಡಿದವರಿಗೆ ಅನ್ನಿಸಿರಲೂ ಇಲ್ಲ.

ಮುತ್ತಣ್ಣನ ಮಂದೆ ಆ ಹೊತ್ತಿಗೆ ಮುಧೋಳದ ಹೊರಗೆ, ಕಬ್ಬು ಕಡಿದಿದ್ದ ಒಂದು ಹೊಲದಲ್ಲಿ ಬೀಡುಬಿಟ್ಟಿತ್ತು. ತರಬೇತಿ ಮುಗಿದ ಮೇಲೆ, ಇನ್ನೂ ಬಿಸಿಲಿರುವಾಗಲೇ, ವೈಶಾಲಿ ಅರ್ಜಿಗೆ ಮುತ್ತಣ್ಣನ ಸಹಿ ಹಾಕಿಸಲು ಅಲ್ಲಿಗೆ ಹೋದಳು. ಅವನು ಮಂದೆಯ ಸುತ್ತ ಕಟ್ಟುವ ಬಲೆಯ ಗೂಟ ಬಡಿಯುತ್ತಿದ್ದ. ಹೆಂಡತಿ ಮಾಯವ್ವ ಒಲೆ ಹಚ್ಚುತ್ತಿದ್ದಳು. ವೈಶಾಲಿ ಕೆಂಪು, ಹಳದಿ, ಸೊನ್ನೆಗಳನ್ನೆಲ್ಲ ಬಿಡಿಸಿ ಹೇಳಿದಳು. ಮುತ್ತಣ್ಣ ಎಲ್ಲವನ್ನೂ ಕೇಳಿ, ನಾವು ಜನವರಿಯಲ್ಲಿ ಊರಲ್ಲಿ ಇರುವುದಿಲ್ಲ ಅಂತ ಅವರಿಗೆ ಯಾರೂ ಹೇಳಲಿಲ್ಲವೇ ಎಂದು ಕೇಳಿದ. ತಾನೇ ಹೇಳಿದ್ದೇನೆ ಎಂದಳು ವೈಶಾಲಿ. ಹಾಗಿದ್ದರೆ ಯಾಕೆ ಹೀಗೆ ಎಂದ ಅವನು. ವೈಶಾಲಿ ಅರ್ಜಿ ಬಿಡಿಸಿ ಸಹಿ ಹಾಕುವ ಜಾಗ ತೋರಿಸಿದಳು.

ಮಾಯವ್ವ ಒಲೆ ಊದುವುದನ್ನು ನಿಲ್ಲಿಸಿ ಅಂದಳು. “ಆ ನಿಮ್ಮ ಮಿಷಿನ್ನ ನಾಕ ದಿನ ನಮ್ಮ ಕೂಡ ಕಳಸ್ರಿ. ಕುರಿ ಯಾವ ವಾರ ಎಲ್ಲಿ ಹೊಕ್ಕಾವಂತ ನಾವ ಕಲಸ್ತೇವಿ. ತಿಂಗಳಿಗೆ ಕೂಲಿನೂ ಕೊಡತೇವಿ.”

ಶೇವಂತಿ ಕುಂಟುತ್ತಿದ್ದ ಮರಿಯೊಂದನ್ನು ಎತ್ತಿಕೊಂಡು ಬಂದಳು. ಈ ಸಲ ಪಾಲಿನ ಮರಿ ಎಷ್ಟಾದವು ಎಂದು ವೈಶಾಲಿ ಸುಮ್ಮನೆ ಕೇಳಿದಳು, ಪರೀಕ್ಷೆ ಮಾಡುವ ಉದ್ದೇಶ ಇರಲಿಲ್ಲ. ಹುಡುಗಿ ಒಂದು ಉಸಿರಿನಲ್ಲಿ ಹೇಳಿದಳು. “ಇಪ್ಪತ್ತನಾಕರೀ. ಒಡ್ಯಾಗ ಹನ್ನೆರಡ, ನಮಗ ಹನ್ನೆರಡ. ಕಾಕಾಂದು ತಗದ್ರ ನಮ್ಮವು ಆರು, ಅಂದ್ರ ಇಪ್ಪತ್ತನಾಕರ ಕಾಲು. ಅಕ್ಕಾರ, ನನಗ ಬರೂದಿಲ್ಲಂತ ಬರದಾರಂತಲ್ರಿ. ಯಾರರಿ ಅವರು? ನನ್ನ ಕೇಳೇ ಇಲ್ಲಲ್ಲ.”

ವೈಶಾಲಿ ಸಹಿ ಹಾಕಿಸಿಕೊಂಡು ಎದ್ದಳು. ನಾಳೆ ಹಳದಿ ಪುಟವನ್ನು ಅಚ್ಚು ಹಾಕಿಸಿ, ಹೆಡ್ ಮಾಸ್ತರರ ಮೊಹರು ಒತ್ತಿಸಿ, ಶನಿವಾರದೊಳಗೆ ತಾನೇ ಒಯ್ದು ಕೊಡುತ್ತೇನೆ ಎಂದು ಮುತ್ತಣ್ಣನಿಗೆ ಹೇಳಿದಳು.

ಮೂರನೇ ದಿನ ಬೆಳಿಗ್ಗೆ ಗಿರಿಮಲ್ಲಪ್ಪ ಸಾಹೇಬರು ಬಂದರು. ಇಡೀ ಕಾರ್ಯಕ್ರಮದ ಉಸ್ತುವಾರಿ ಅವರದು. ಸೋಮವಾರ ಮೇಲಿನ ಸಭೆಯಲ್ಲಿ ಪರದೆಯ ಮೇಲೆ ನಕ್ಷೆ ಬರುತ್ತದೆ, ತಮ್ಮ ತಾಲ್ಲೂಕುಗಳು ಪೂರ್ತಿ ಹಸಿರಾಗಿರಬೇಕು ಎಂಬುದು ಅವರ ಚಿಂತೆ. ಅವರು ವೈಶಾಲಿಯನ್ನು ಮುಂದೆ ಕರೆದು ಹೊಗಳಿದರು, ಚಪ್ಪಾಳೆ ಹೊಡೆಸಿದರು, ಆಮೇಲೆ ಮುಖ್ಯ ವಿಷಯಕ್ಕೆ ಬಂದರು. ಬೇರೆ ವಾರದಲ್ಲಿ ಮಾಡಿದ ಪಾಠಗಳ ಹಳದಿ ಪುಟಗಳನ್ನು ಅಳಿಸಬೇಕು. ಆ ಮಕ್ಕಳನ್ನು ‘ಅನಿಯಮಿತ’ ಎಂಬ ಖಾನೆಗೆ ಸರಿಸಬೇಕು. ಅನಿಯಮಿತರು ಶೇಕಡಾವಾರಿಗೆ ಬರುವುದಿಲ್ಲ. ಪಟ್ಟಿಯೇ ಇಲ್ಲ, ಕೆಂಪೂ ಇಲ್ಲ. ಅದನ್ನು ಹೇಗೆ ಮಾಡುವುದೆಂದು ವೈಶಾಲಿ ಟೀಚರು ತಮ್ಮ ಶಾಲೆಯ ಪುಟದಲ್ಲೇ ಮಾಡಿ ತೋರಿಸುತ್ತಾರೆ, ಉಳಿದವರು ನೋಡಿ ಕಲಿಯಬೇಕು.

ಹಿಂದಿನ ಸಾಲಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಕಬ್ಬು ಕಡಿಯುವವರ ಮಕ್ಕಳು ಇದ್ದ ಶಾಲೆಗಳು ಅಲ್ಲಿದ್ದವು, ಇಟ್ಟಿಗೆ ಭಟ್ಟಿಯವರ ಮಕ್ಕಳಿದ್ದವೂ ಇದ್ದವು. ತಾವೂ ಹೀಗೆ ಪಾಠ ಹಿಂದುಮುಂದು ಮಾಡಿ, ಹಳದಿ ಪುಟದಲ್ಲಿ ಬರೆದಿಟ್ಟವರು ಏಳೆಂಟು ಜನ ಇದ್ದರು.

ಆ ಪುಟ ಅಳಿದರೆ ಶೇವಂತಿಯ ಅರ್ಜಿಗೆ ಲಗತ್ತಿಸಲು ಏನೂ ಉಳಿಯುವುದಿಲ್ಲ ಎಂದು ವೈಶಾಲಿ ಹೇಳಿದಳು. ಇನ್ನೆರಡು ದಿನ ತಡೆಯಿರಿ ಎಂದಳು. ನಕ್ಷೆಯ ಲೆಕ್ಕ ಇವತ್ತು ಸಂಜೆಗೇ ಮುಚ್ಚುತ್ತದೆ, ತಡೆದರೆ ಕೆಡುತ್ತದೆ ಎಂದರು ಸಾಹೇಬರು. ಒಂದು ಹುಡುಗಿಗೋಸ್ಕರ ಮೂರು ತಾಲ್ಲೂಕಿನ ಹೆಸರು ಹಾಳು ಮಾಡಬೇಡಿ, ವಸತಿ ಶಾಲೆ ಬರುವ ವರ್ಷವೂ ಇರುತ್ತದೆ ಎಂದರು. ಬರುವ ವರ್ಷ ಅವಳು ಇರುವುದಿಲ್ಲ ಎಂದಳು ವೈಶಾಲಿ. ಆರನೇ ತರಗತಿಗೆ ಒಂದೇ ಸಲ ಸೇರುವುದು.

ಗಿರಿಮಲ್ಲಪ್ಪನವರಿಗೆ ಮಾತು ಬೇಡವಾಗಿತ್ತು. ಅವರು ಅಜಯನನ್ನು ಸರಿಸಿ ತಾವೇ ಕುರ್ಚಿಯಲ್ಲಿ ಕೂತು ಅವಳ ಶಾಲೆಯ ಪುಟ ತೆರೆದರು. ಆಗಸ್ಟಿನ ಅಂಕಗಳು ಪರದೆಯ ಮೇಲೆ ಬಂದವು. ಹದಿಮೂರು ಹೆಸರು, ಎಂಟನೆಯದು ಶೇವಂತಿ, ಇಪ್ಪತ್ತಕ್ಕೆ ಹತ್ತೊಂಬತ್ತು. ಅವರು ‘ಅಳಿಸು’ ಒತ್ತಿದರು. ಅದು ಹಾಗೇ ಅಳಿಸಲಿಲ್ಲ. ಬರೆದ ಶಿಕ್ಷಕರ ಒಪ್ಪಿಗೆ ಬೇಕು, ಅವರ ಫೋನಿಗೆ ಆರು ಅಂಕಿಯ ಸಂಖ್ಯೆ ಕಳಿಸಲಾಗಿದೆ ಎಂದು ಬರೆದು ತೋರಿಸಿತು. ವೈಶಾಲಿಯ ಕೈಯಲ್ಲಿದ್ದ ಫೋನು ಸಣ್ಣಗೆ ನಡುಗಿತು.

“ಹಾಂ, ಬಂತು. ಹೇಳ್ರಿ ನಂಬರು,” ಅಂದರು ಸಾಹೇಬರು, ಪರದೆಯಿಂದ ಕಣ್ಣು ತೆಗೆಯದೆ.

ವೈಶಾಲಿ ಫೋನು ನೋಡಿದಳು. ಆರು ಅಂಕಿಗಳು ಅಲ್ಲಿದ್ದವು. ನೌಕರಿ ಸೇರಿ ಆರು ವರ್ಷದಲ್ಲಿ ಅವಳು ಯಾವ ಸಾಹೇಬರಿಗೂ ಎದುರು ಮಾತಾಡಿದವಳಲ್ಲ.

“ಹೇಳ್ರಿ ಅಕ್ಕಾರ, ಟೈಮ್ ಮುಗೀತೈತಿ. ನಿಮಗ ನೋಟಿಸ್ ಕೊಡೂ ಹಂಗ ಮಾಡಬ್ಯಾಡ್ರಿ.”

“ನೋಟಿಸ್ ಕೊಡ್ರಿ ಸಾಹೇಬ್ರ,” ಅಂದಳು ವೈಶಾಲಿ. ದನಿ ಹಿಂದಿನ ಸಾಲಿನವರೆಗೆ ಕೇಳಿಸಿತು. “ಸಹಿ ಹಾಕಿ ತಗೋತೇನಿ. ಈ ನಂಬರ್ ಮಾತ್ರ ಹೇಳೂದಿಲ್ಲ. ಹುಡುಗರು ಕಲಿತದ್ದನ್ನ ನಾ ಅಳಸೂದಿಲ್ಲ, ಹೆಂಗ ಅಳಸಬೇಕಂತ ಇವರಿಗೆ ಕಲಸೂದೂ ಇಲ್ಲ.”